ಬಸವನಗುಡಿಯಿಂದ ಅಠಾರಾ ಕಛೇರಿಯವರೆಗೆ

ಓಡುವುದು ಹೆದರಿದವರ ಕೆಲಸ, ಇಲ್ಲವೆ ಕದ್ದವರ ಕೆಲಸ, ಅದೂ ಅಲ್ಲದಿದ್ದರೆ ಬಸ್ಸು ತಪ್ಪಿಹೋಗುತ್ತಿರುವವರ ಕೆಲಸ ಎಂಬ ಅಭಿಪ್ರಾಯವು ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ಮಕ್ಕಳು ಓಡಿದರೆ ಆಟವೆನ್ನುತ್ತೇವೆ. ನಲವತ್ತು ದಾಟಿದ ಗೃಹಸ್ಥನು ಓಡಿದರೆ ‘ಯಾರಿಗೆ ಏನಾಯಿತು?’ ಎಂದು ಬಾಗಿಲಿಗೆ ಬಂದು ನಿಲ್ಲುತ್ತೇವೆ. ಹಿಂದೆ ಓಟವೇ ಜೀವನೋಪಾಯವಾಗಿದ್ದವರೂ ಉಂಟು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಏರ್ಪಟ್ಟ ಮೈಸೂರು ಅಂಚೆಯು, ೧೮೮೯ರಲ್ಲಿ ಬ್ರಿಟಿಷ್ ಇಂಡಿಯದ ಅಂಚೆಯೊಡನೆ ಸೇರಿಹೋಗುವವರೆಗೆ, ಕಾಗದದ ಚೀಲವನ್ನು ಹೆಗಲಿಗೇರಿಸಿಕೊಂಡು ಊರಿಂದೂರಿಗೆ ಓಡಿದ ಅಂಚೆಯಾಳುಗಳ ಕಾಲಿನ ಬಲದಿಂದಲೇ ಬಹುಮಟ್ಟಿಗೆ ನಡೆಯಿತು. ಆದರೆ ಯಾರೂ ಅಟ್ಟಿಸಿಕೊಂಡು ಬರದೆ, ಯಾವ ಚೀಲವನ್ನೂ ಹೊರದೆ, ಸಂಬಳವನ್ನಾಗಲಿ ಬಹುಮಾನವನ್ನಾಗಲಿ ಬಯಸದೆ, ಕೇವಲ ಸಂತೋಷಕ್ಕಾಗಿ ಏಳೆಂಟು ಕಿಲೋಮೀಟರು ಓಡುವವರು ಇದ್ದಾರೆಂದರೆ ಇಂದಿಗೂ ಹಲವರು ನಗುವರು. ನಾವು ಅಂಥವರಲ್ಲಿ ಒಬ್ಬರು. ೧೯೮೪ರಿಂದ ಈಚೆಗೆ ಬೆಂಗಳೂರಿನ ಒಂದೇ ದಾರಿಯಲ್ಲಿ ನಾವು ಓಡುತ್ತ ಬಂದಿದ್ದೇವೆ. ಆ ದಾರಿಯನ್ನೂ ಅದು ನಮಗೆ ಕೊಟ್ಟುದನ್ನೂ ವಾಚಕರಿಗೆ ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ಉದ್ಯೋಗದ ವಿಚಾರವನ್ನು ಎರಡು ಮಾತಿನಲ್ಲಿ ಹೇಳಬೇಕು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಒಂದು ಲೆಕ್ಕಪತ್ರದ ಕಛೇರಿಯಲ್ಲಿ ಗುಮಾಸ್ತರಾಗಿ ಸೇರಿದ ನಾವು ೨೦೨೧ರಲ್ಲಿ, ಅರವತ್ತು ತುಂಬಿದಾಗ, ಅಲ್ಲಿಯೇ ನಿವೃತ್ತರಾದೆವು. ಮೂವತ್ತೇಳು ವರ್ಷಗಳಲ್ಲಿ ನಮ್ಮ ಕುರ್ಚಿಯ ಬೆತ್ತವು ಮೂರು ಸಲ ಹರಿದು ಮೂರು ಸಲ ಹೊಸದಾಯಿತು. ಬೆಳಗ್ಗೆ ಕುಳಿತರೆ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗಲೇ ಏಳುವುದು. ಮತ್ತೆ ಕುಳಿತರೆ ದೀಪ ಹಚ್ಚುವ ಹೊತ್ತಿಗೆ ಏಳುವುದು. ಮೊದಲು ದಪ್ಪ ಲೆಡ್ಜರುಗಳಿದ್ದುವು, ಬಳಿಕ ಕಂಪ್ಯೂಟರು ಬಂದಿತು. ಲೆಡ್ಜರನ್ನು ಬೀರುವಿನಿಂದ ತರುವುದಕ್ಕಾದರೂ ಏಳಬೇಕಾಗಿತ್ತು. ಕಂಪ್ಯೂಟರು ಆ ಶ್ರಮವನ್ನೂ ತಪ್ಪಿಸಿತು.

ಹೀಗೆ ಕುಳಿತೇ ದುಡಿಯುವವರ ಹೃದಯಕ್ಕೆ ಏನಾಗುವುದೆಂಬುದನ್ನು ಮೊದಲು ಚೆನ್ನಾಗಿ ವಿಚಾರಿಸಿದವರು ಲಂಡನ್ನಿನ ಜೆರೆಮಿ ಮಾರಿಸ್ ಎಂಬ ವೈದ್ಯರು. ಆ ನಗರದ ಎರಡಂತಸ್ತಿನ ಬಸ್ಸುಗಳಲ್ಲಿ ಚಾಲಕನು ದಿನವೆಲ್ಲ ಕುಳಿತಿರುವನು. ಕಂಡಕ್ಟರನು ಟಿಕೆಟು ಕೊಡುವುದಕ್ಕೆ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದನು. ಇಬ್ಬರದೂ ಒಂದೇ ಬಸ್ಸು, ಒಂದೇ ಬೀದಿ. ಆದರೂ ಹೃದ್ರೋಗವು ಕಂಡಕ್ಟರರಿಗಿಂತ ಚಾಲಕರಲ್ಲಿ ಹೆಚ್ಚಾಗಿ ಕಂಡುಬಂದಿತು. ಕಾಗದ ಹಂಚುವ ಅಂಚೆಯವರನ್ನೂ ಒಳಗೆ ಕುಳಿತು ಬರೆಯುವ ಗುಮಾಸ್ತರನ್ನೂ ಹೋಲಿಸಿದಾಗಲೂ ಫಲವು ಹಾಗೆಯೇ ಬಂದಿತು. ೧೯೫೩ರಲ್ಲಿ ಈ ವಿಚಾರಗಳು ಪ್ರಕಟವಾದುವು. ನಮ್ಮ ವಿಭಾಗದಲ್ಲಿ ಎಂಟು ಮೇಜುಗಳಿದ್ದುವು. ಅವುಗಳಲ್ಲಿ ಮೂರು ಮೇಜಿನವರು ನಿವೃತ್ತಿಯ ದಿನವನ್ನು ಕಾಣದೆಯೇ ಹೊರಟುಹೋದರು; ಮೂವರಿಗೂ ಎದೆಯ ನೋವೇ ನಿಮಿತ್ತ. ಆ ಮೂರು ಹಾರಗಳಿಗೂ ಚಂದಾ ಎತ್ತಿದವರು ನಾವೇ. ಆದಕಾರಣ ಓಟವು ನಮಗೆ ಸಂತೋಷದ ವಿಷಯವೆಂದಾಗ ಅದರ ಹಿಂದೆ ಈ ಲೆಕ್ಕವೂ ಇರುವುದನ್ನು ವಾಚಕರು ಮರೆಯಬಾರದು.

ಇನ್ನು ದಾರಿ. ಬೆಳಗಿನ ಐದೂವರೆಗೆ ಬಸವನಗುಡಿಯ ಗಾಂಧಿಬಜಾರಿನಲ್ಲಿ ನಮ್ಮ ಓಟವು ಪ್ರಾರಂಭವಾಗುವುದು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಕಾಲದಲ್ಲಿ, ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಗಾಳಿ ಬೆಳಕುಗಳಿರುವ ಕಡೆಗೆ ಜನರು ಹೋಗಲೆಂದು ಬೆಳೆಸಿದ ಬಡಾವಣೆಗಳಲ್ಲಿ ಇದೊಂದು. ಹಾಗೆ ನೋಡಿದರೆ ಆರೋಗ್ಯವೇ ಈ ಊರಭಾಗವನ್ನು ಹುಟ್ಟಿಸಿತೆನ್ನಬೇಕು. ಆ ಹೊತ್ತಿನಲ್ಲಿ ಬಜಾರಿನಲ್ಲಿ ಎಚ್ಚತ್ತಿರುವವರು ಹೂವಿನವರು ಮಾತ್ರ. ಗೋಣಿಯ ಮೇಲೆ ಸೇವಂತಿಗೆಯ ರಾಶಿ ಸುರಿದಿರುವುದು. ಕನಕಾಂಬರವನ್ನು ಕಟ್ಟುತ್ತ ಮೊಳ ಹಾಕುವ ಕೈಗಳು ನಮ್ಮ ಕಾಲುಗಳಿಗಿಂತ ಬೇಗ ಓಡುವುವು. ನಲವತ್ತು ವರ್ಷದಿಂದ ಅಲ್ಲಿ ಕೂರುವ ಅಜ್ಜಿಯೊಬ್ಬರು ಮೊದಮೊದಲು ‘ಏನಪ್ಪಾ, ಬಸ್ಸು ಹೋಯಿತೇ?’ ಎಂದು ಕೇಳುತ್ತಿದ್ದರು. ಈಗ ‘ಇವತ್ತು ಹೊತ್ತಾಯಿತಲ್ಲಪ್ಪಾ’ ಎನ್ನುವರು. ಕಾರ್ತಿಕದ ಕಡೆಯ ಸೋಮವಾರದ ಸುಮಾರಿಗೆ ದೊಡ್ಡ ಬಸವಣ್ಣನ ಕಡಲೆಕಾಯಿ ಪರಿಷೆ ಬಂದಾಗ ಮಾತ್ರ ನಾವು ಈ ಭಾಗವನ್ನು ನಡೆದು ದಾಟುವೆವು. ರಸ್ತೆಯ ತುಂಬ ಹರಡಿದ ಕಾಯಿಯ ಮೇಲೆ ಓಡಿದರೆ ರೈತನ ಶಾಪವೂ ತಟ್ಟುವುದು, ಕಾಲೂ ಜಾರುವುದು.

ಅಲ್ಲಿಂದ ಲಾಲ್‌ಬಾಗಿನ ಪಶ್ಚಿಮದ ಬಾಗಿಲು ಹತ್ತಿರ. ಈ ತೋಟವನ್ನು ೧೭೬೦ರಲ್ಲಿ ಹೈದರಾಲಿಯು ಪ್ರಾರಂಭಿಸಿದನು. ಈಗ ಅದರ ವಿಸ್ತಾರ ಸುಮಾರು ೨೪೦ ಎಕರೆ. ಒಳಗೆ ಕಾಲಿಟ್ಟೊಡನೆ ಮೈಗೆ ತಾಕುವ ಗಾಳಿಯೇ ಬೇರೆ. ಕೆರೆಯ ಏರಿಯ ಮೇಲೆ ಬಂದಾಗ ನೀರಿನ ಕಡೆಯಿಂದ ಬರುವ ತಂಪು ಒಂದು ಕೆನ್ನೆಗೆ, ಇನ್ನೂ ಬೆಚ್ಚಗಿರುವ ಊರಿನ ಉಸಿರು ಇನ್ನೊಂದು ಕೆನ್ನೆಗೆ. ಕೊಕ್ಕರೆಗಳು ನಮ್ಮನ್ನು ನೋಡಿ ಏಳುವುದನ್ನು ಎಂದೋ ಬಿಟ್ಟಿವೆ. ಮುಂದೆ ಸಾಗಿದರೆ ೧೮೮೯ರಲ್ಲಿ ಅಸ್ತಿಭಾರ ಹಾಕಿದ ಗಾಜಿನ ಮನೆ. ಅದರಾಚೆಗೆ ಬೋಳಾದ ದೊಡ್ಡ ಬಂಡೆ. ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರ. ಈ ಕಲ್ಲಿನ ವಯಸ್ಸು ಸುಮಾರು ೩೦೦ ಕೋಟಿ ವರ್ಷವೆಂದು ಭೂವಿಜ್ಞಾನಿಗಳು ಹೇಳುವರು. ಅಷ್ಟು ಹಳೆಯದರ ಮೇಲೆ ನಿಂತು, ಅರ್ಧ ನಿಮಿಷ ತಡವಾಯಿತೆಂದು ಕೈಗಡಿಯಾರವನ್ನು ನೋಡಿಕೊಳ್ಳುವಾಗ ನಮಗೇ ನಗೆ ಬರುವುದು.

ಓಡುವವನಿಗೆ ಬೆಂಗಳೂರಿನಲ್ಲಿ ಪಂಚಾಂಗವು ಬೇಕಿಲ್ಲ, ಮರಗಳು ಸಾಕು. ಜರ್ಮನಿಯಿಂದ ಬಂದು ೧೯೦೮ರಿಂದ ೧೯೩೨ರವರೆಗೆ ಲಾಲ್‌ಬಾಗನ್ನು ನೋಡಿಕೊಂಡ ಕ್ರುಂಬಿಗಲ್ ಅವರು, ಒಂದು ಜಾತಿಯ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಯೋಚಿಸಿ ಊರಿನ ಬೀದಿಗಳಿಗೆ ಮರಗಳನ್ನು ಆರಿಸಿದರು. ಮಾಘದ ಚಳಿಯಲ್ಲಿ ಟಬೂಬಿಯದ ನಸುಗೆಂಪು, ಅದರ ಹಿಂದೆಯೇ ಜಕರಾಂಡದ ನೀಲಿ, ಯುಗಾದಿಯ ಹೊತ್ತಿಗೆ ಹೊಂಗೆಯ ಹೂವು ಕೆಳಗೆ ಅಕ್ಕಿ ಚೆಲ್ಲಿದಂತೆ, ವೈಶಾಖದಲ್ಲಿ ಕೆಂಪುತುರಾಯಿ. ಕಛೇರಿಯ ಬೀಗದ ಕೋಣೆಯಲ್ಲಿ ಮಾರ್ಚಿ ತಿಂಗಳೆಂದರೆ ವರ್ಷದ ಲೆಕ್ಕ ಮುಗಿಸುವ ಸಂಕಟ. ದಾರಿಯಲ್ಲಿ ಮಾರ್ಚಿ ತಿಂಗಳೆಂದರೆ ನೀಲಿ ಹೂವಿನ ಹಾಸು. ಎರಡನ್ನೂ ಒಂದೇ ದಿನ ಕಂಡವನು ಮೊದಲನೆಯದನ್ನು ತಾಳಿಕೊಳ್ಳಬಲ್ಲನು.

ಈ ತೋಟಕ್ಕೂ ಗಾಯಗಳಾಗಿವೆ. ೨೦೦೯ರಲ್ಲಿ ಮೆಟ್ರೊ ರೈಲಿನ ದಾರಿಗಾಗಿ ಇದರ ಒಂದು ಅಂಚಿನ ಗೋಡೆಯೂ, ಹತ್ತಿರದ ರಸ್ತೆಯ ಹಳೆಯ ಮರಗಳೂ ಹೋದುವು. ನಾವು ನಿತ್ಯವೂ ನೆರಳಿನಲ್ಲಿ ಓಡುತ್ತಿದ್ದ ಅಷ್ಟು ದೂರವು ಒಂದು ವಾರದಲ್ಲಿ ಬಿಸಿಲಾಯಿತು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: ಅದೇ ರೈಲು ಈಗ ದಿನವೂ ಲಕ್ಷಾಂತರ ಜನರನ್ನು ಹೊತ್ತೊಯ್ಯುತ್ತಿದೆ, ನಾವೂ ಕಬ್ಬನ್ ಪಾರ್ಕಿನವರೆಗೆ ಓಡಿ, ನಡುವೆ ಒಮ್ಮೆ ರೈಲು ಬದಲಿಸಿ ನ್ಯಾಷನಲ್ ಕಾಲೇಜಿನ ಹತ್ತಿರ ಇಳಿದು ಮನೆ ಸೇರುತ್ತೇವೆ. ಆದರೆ ರೈಲು ಕೆಲವೇ ವರ್ಷಗಳಲ್ಲಿ ಬಂದಿತು. ಆ ಮರಗಳು ಮರಳಿ ಬರಲು ನಮ್ಮ ಮೊಮ್ಮಕ್ಕಳ ಕಾಲವಾಗಬೇಕು.

ತೋಟದ ಪೂರ್ವದ ಬಾಗಿಲಿನಿಂದ ಹೊರಬಿದ್ದರೆ ಡಬಲ್ ರೋಡು. ಈ ಪ್ರಯಾಣದಲ್ಲಿ ಸಂತೋಷವಿಲ್ಲದ ಭಾಗ ಇದೊಂದೇ. ಬಸ್ಸುಗಳ ಹೊಗೆ, ಎತ್ತರ ತಗ್ಗಾದ ಕಾಲುದಾರಿ, ಕಲ್ಲು ಕಿತ್ತ ಹಳ್ಳಗಳು. ರಿಚ್ಮಂಡ್ ವೃತ್ತದವರೆಗೆ ಕಣ್ಣು ನೆಲದ ಮೇಲೆಯೇ ಇರಬೇಕು. ಆದರೆ ಓಟದ ಒಂದು ರಹಸ್ಯವನ್ನು ನಾವು ಕಲಿತದ್ದು ಇಲ್ಲಿಯೇ. ಎದುಸಿರು ಬರುವಷ್ಟು ವೇಗವು ಬೇಡ. ಜೊತೆಯವನೊಡನೆ ಮಾತನಾಡುವಷ್ಟು ಉಸಿರು ಉಳಿದಿರಬೇಕು. ಆ ಅಳತೆಯನ್ನು ಮೀರದೆ ಓಡಿದರೆ ಹದಿನೈದು ನಿಮಿಷದ ಮೇಲೆ ಮೈಯು ತನ್ನಷ್ಟಕ್ಕೆ ತಾನೇ ಸಾಗುವುದು, ಮನಸ್ಸು ಬಿಡುವಾಗುವುದು. ಹಿಂದಿನ ಸಂಜೆ ಎಷ್ಟು ಕೂಡಿದರೂ ಸರಿಹೋಗದಿದ್ದ ಲೆಕ್ಕದ ತಪ್ಪು ಎಲ್ಲಿದೆಯೆಂಬುದು ಇದೇ ಹಾಳು ರಸ್ತೆಯಲ್ಲಿ ಎಷ್ಟೋ ಸಲ ಹೊಳೆದಿದೆ. ನಿತ್ಯದ ಅಭ್ಯಾಸದಿಂದ ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ನೂಕುವ ಶಕ್ತಿಯನ್ನು ಪಡೆಯುವುದರಿಂದ, ಬಿಡುವಿನಲ್ಲಿರುವಾಗ ಕಡಮೆ ಸಲ ಬಡಿದರೆ ಸಾಕಾಗುವುದು. ಜಾಣ ಗುಮಾಸ್ತನಂತೆ ಅದು ಅವಸರವಿಲ್ಲದೆ ಕೆಲಸ ಮುಗಿಸುವುದು.

ಕಸ್ತೂರ್‌ಬಾ ರಸ್ತೆಯನ್ನು ಹಿಡಿದು ಕಬ್ಬನ್ ಪಾರ್ಕನ್ನು ಹೊಕ್ಕರೆ ಮತ್ತೆ ನೆರಳು. ೧೮೭೦ರಲ್ಲಿ, ಮೀಡ್ ಎಂಬವರು ಕಮಿಷನರರಾಗಿದ್ದಾಗ, ರಿಚರ್ಡ್ ಸ್ಯಾಂಕಿಯವರ ಯೋಜನೆಯಂತೆ ಇದು ನಿರ್ಮಾಣವಾಯಿತು. ೧೯೨೭ರಲ್ಲಿ ಚಾಮರಾಜೇಂದ್ರ ಪಾರ್ಕ್ ಎಂಬ ಹೆಸರನ್ನಿಟ್ಟರೂ ಜನರ ಬಾಯಲ್ಲಿ ಹಳೆಯ ಹೆಸರೇ ನಿಂತಿದೆ. ಬಿದಿರಿನ ಮೆಳೆಗಳ ಪಕ್ಕದಲ್ಲಿ ಹಾದು, ೧೯೧೫ರಲ್ಲಿ ತೆರೆದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಗೋಡೆಯನ್ನು ದಾಟಿದರೆ, ಎದುರಿಗೆ ೧೮೬೮ರಲ್ಲಿ ಮುಗಿದ ಅಠಾರಾ ಕಛೇರಿ. ಹದಿನೆಂಟು ಇಲಾಖೆಗಳಿಗೆ ಮನೆಯಾಗಿದ್ದುದರಿಂದ ಅದಕ್ಕೆ ಆ ಹೆಸರು. ಈಗ ಅಲ್ಲಿ ಉಚ್ಚ ನ್ಯಾಯಾಲಯವಿದೆ. ಬೀದಿಯಾಚೆ ೧೯೫೬ರಲ್ಲಿ ಪೂರ್ಣವಾದ ವಿಧಾನಸೌಧ. ಎಷ್ಟು ತಲೆಮಾರಿನ ಗುಮಾಸ್ತರು ಈ ಎರಡು ಕಟ್ಟಡಗಳಲ್ಲಿ ಕುಳಿತು ಬೆನ್ನು ಬಾಗಿಸಿದರೋ! ಅವುಗಳ ನಡುವೆ ಬೆಳಗಿನ ಆರೂಕಾಲಿಗೆ ಬೆವರು ಒರೆಸಿಕೊಳ್ಳುತ್ತ ನಿಂತಾಗ, ಸರ್ಕಾರದ ಸಮಯ ಇನ್ನೂ ಪ್ರಾರಂಭವಾಗಿಲ್ಲ, ಈ ಗಳಿಗೆಯು ನಮ್ಮದು ಎಂಬ ಭಾವವು ನಮಗೆ ಪ್ರತಿದಿನವೂ ಹೊಸದಾಗಿ ಬಂದಿದೆ.

ಮೊದಲ ಇಪ್ಪತ್ತಾರು ವರ್ಷ ನಾವು ಒಬ್ಬರೇ ಓಡಿದೆವು. ಮನೆಯಲ್ಲಿ ಇದಕ್ಕೆ ಸಮ್ಮತಿಯೂ ಇರಲಿಲ್ಲ, ತಡೆಯೂ ಇರಲಿಲ್ಲ. ‘ಕಛೇರಿಗೆ ಹೋಗುವ ಗಂಡಸರು ಚಡ್ಡಿ ತೊಟ್ಟು ಬೀದಿಯಲ್ಲಿ ಓಡಿದರೆ ನೋಡಿದವರು ಏನೆಂದಾರು?’ ಎಂದು ನಮ್ಮ ಮನೆಯವರು ಮದುವೆಯಾದ ಹೊಸದರಲ್ಲಿ ಒಮ್ಮೆ ಕೇಳಿದ್ದುಂಟು. ೨೦೧೦ರಲ್ಲಿ ಅವರಿಗೆ ಸಕ್ಕರೆಯ ಕಾಯಿಲೆ ಕಾಣಿಸಿತು. ಆಗ ಅವರಿಗೆ ನಲವತ್ತೆಂಟು. ಅವರ ತಾಯಿಯವರು ಅದೇ ಕಾಯಿಲೆಯಿಂದ ಕಣ್ಣು ಕಳೆದುಕೊಂಡುದನ್ನು ಕಂಡವರಾದುದರಿಂದ, ಆಸ್ಪತ್ರೆಯಿಂದ ಬಂದ ದಿನ ಮನೆಯಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ. ವೈದ್ಯರು ಮಾತ್ರೆಯನ್ನೂ ಪಥ್ಯವನ್ನೂ ಹೇಳಿ, ದಿನವೂ ನಡೆಯಬೇಕೆಂದರು. ನಾಲ್ಕು ತಿಂಗಳು ಲಾಲ್‌ಬಾಗಿನಲ್ಲಿ ನಡೆದ ಮೇಲೆ ಒಂದು ರಾತ್ರಿ ಅವರು, ‘ಇಷ್ಟು ವರ್ಷ ನೀವು ಏನು ಕಾಣುವುದಕ್ಕೆ ಓಡುತ್ತೀರೋ, ನಾಳೆ ನಾನೂ ಬಂದು ನೋಡುತ್ತೇನೆ’ ಎಂದರು.

ಮರುದಿನ ಅವರು ಎರಡು ದೀಪದ ಕಂಬಗಳ ನಡುವಿನಷ್ಟು ಓಡಿದರು. ಮೂರು ಕಂಬದಷ್ಟು ನಡೆದರು. ವಾರ ಕಳೆದಂತೆ ಕಂಬಗಳು ಹೆಚ್ಚಿದುವು. ಅವರ ಜೊತೆಗೆ ಓಡಬೇಕಾದರೆ ನಾವು ನಮ್ಮ ವೇಗವನ್ನು ಬಿಡಬೇಕಾಗಿತ್ತು. ನಮ್ಮದೇ ಆಗಿದ್ದ ಆ ಏಕಾಂತದ ಗಳಿಗೆಯೂ ಹೋಗಬೇಕಾಗಿತ್ತು. ಇದು ಸಣ್ಣ ತ್ಯಾಗವೇನೂ ಅಲ್ಲವೆಂದು ಓಡುವವರಿಗೆ ಗೊತ್ತು. ಆದರೆ ಮೂವತ್ತು ವರ್ಷದ ಸಂಸಾರದಲ್ಲಿ ದಿನಸಿ, ಶಾಲೆಯ ಫೀಸು, ನೆಂಟರ ಮದುವೆ ಇವುಗಳನ್ನು ಬಿಟ್ಟು ಬೇರೆ ಮಾತಿಗೆ ನಮ್ಮಿಬ್ಬರಿಗೂ ಬಿಡುವು ದೊರೆತುದು ಆ ದಾರಿಯಲ್ಲಿಯೇ. ನೆರೆಯವರು ಮೊದಲು ಕಿಟಕಿಯಿಂದ ನೋಡಿದರು. ವರ್ಷ ತುಂಬುವುದರೊಳಗೆ ಅವರಲ್ಲಿ ಇಬ್ಬರು ಹೆಂಗಸರು ಜೊತೆಗೂಡಿದರು. ದುಡಿಯುವ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ತಾವೇ ಎಳೆದುಕೊಳ್ಳುವುದರಿಂದ ಈ ಕಾಯಿಲೆಗೆ ವ್ಯಾಯಾಮವು ದೊಡ್ಡ ಸಹಾಯ. ಅವರು ಮಾತ್ರೆಯನ್ನು ಬಿಡಲಿಲ್ಲ, ಪಥ್ಯವನ್ನೂ ಬಿಡಲಿಲ್ಲ. ಆದರೆ ಇಂದಿಗೂ ಸೂಜಿಗೆ ದಾರವನ್ನು ಕನ್ನಡಕವಿಲ್ಲದೆ ಪೋಣಿಸುತ್ತಾರೆ.

ಹೆಂಗಸರ ದೇಹವು ದೂರದ ಓಟವನ್ನು ತಾಳದೆಂಬ ಮಾತು ನಮ್ಮ ದೇಶದಲ್ಲಿ ಮಾತ್ರ ಇದ್ದುದಲ್ಲ. ಒಲಿಂಪಿಕ್ ಪಂದ್ಯಗಳಲ್ಲಿ ಗಂಡಸರ ಮ್ಯಾರಥಾನ್ ೧೮೯೬ರಿಂದಲೇ ನಡೆದಿದ್ದರೂ ಹೆಂಗಸರಿಗೆ ಅದನ್ನು ಏರ್ಪಡಿಸಿದುದು ೧೯೮೪ರಲ್ಲಿ. ನಾವು ಓಡಲಾರಂಭಿಸಿದ ವರ್ಷವೇ ಅದು. ಬೆಂಗಳೂರಿನಲ್ಲಿ ೨೦೦೮ರಿಂದ ಹತ್ತು ಕಿಲೋಮೀಟರಿನ ಒಂದು ದೊಡ್ಡ ಓಟವು ನಡೆಯುತ್ತ ಬಂದಿದೆ. ಹೊರದೇಶದ ಅತಿವೇಗದ ಓಟಗಾರರು ಮುಂದೆ, ನಮ್ಮಂಥ ಸಾವಿರಾರು ಗೃಹಸ್ಥರು ಹಿಂದೆ. ೨೦೧೪ರಲ್ಲಿ ನಮ್ಮ ಮನೆಯವರು ಅದರಲ್ಲಿ ಓಡಿ ಮುಗಿಸಿದರು. ಅವರಿಗಿಂತ ಮುಂದೆ ಎಷ್ಟು ಜನರಿದ್ದರೆಂದು ಅವರೂ ಎಣಿಸಲಿಲ್ಲ, ನಾವೂ ಎಣಿಸಲಿಲ್ಲ. ಕೊಟ್ಟ ಪದಕವು ದೇವರ ಮನೆಯ ಮೊಳೆಗೆ ತೂಗಾಡುತ್ತಿದೆ.

ದೂರದ ಓಟವು ಹೊರಗಿನಿಂದ ಬಂದ ಹೊಸ ಹವ್ಯಾಸವೆಂದು ಹೇಳುವವರಿಗೆ ಬೆಳಗಾವಿಯ ಚೌಗುಲೆಯವರನ್ನು ನೆನಪಿಸಬೇಕು. ದೊರಾಬ್ಜಿ ಟಾಟಾ ಅವರ ಉತ್ಸಾಹದಿಂದ ೧೯೨೦ರಲ್ಲಿ ಆಂಟ್ವರ್ಪ್ ಒಲಿಂಪಿಕ್ಕಿಗೆ ಭಾರತದಿಂದ ಹೋದ ಚಿಕ್ಕ ತಂಡದಲ್ಲಿ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಅಲ್ಲಿಯ ಮ್ಯಾರಥಾನಿನ ದೂರ ೪೨.೭೫ ಕಿಲೋಮೀಟರು, ಈಗಿನ ೪೨.೧೯೫ಕ್ಕಿಂತ ಹೆಚ್ಚು. ಅಪರಿಚಿತವಾದ ಆ ನಾಡಿನಲ್ಲಿ ಅವರು ೨ ಗಂಟೆ ೫೦ ನಿಮಿಷಗಳಲ್ಲಿ ಓಡಿ ಹತ್ತೊಂಬತ್ತನೆಯವರಾಗಿ ಬಂದರು. ಅವರ ಹೆಸರನ್ನು ನಮ್ಮ ಮಕ್ಕಳ ಪಾಠದಲ್ಲಿ ನಾವು ಕಾಣಲಿಲ್ಲ. ಅದಕ್ಕೆಂದೇ ಇಲ್ಲಿ ಬರೆಯುತ್ತಿದ್ದೇವೆ.

೨೦೨೦ರ ಮಾರ್ಚಿಯಲ್ಲಿ ಕೊರೋನಾ ರೋಗದಿಂದ ಊರೆಲ್ಲ ಬಾಗಿಲು ಹಾಕಿದಾಗ ತೋಟಗಳೂ ಮುಚ್ಚಿದುವು. ಮೂವತ್ತಾರು ವರ್ಷಗಳಲ್ಲಿ ಮೊದಲ ಬಾರಿಗೆ ನಮಗೆ ದಾರಿಯಿಲ್ಲದಂತಾಯಿತು. ನಮ್ಮ ಮನೆಯ ತಾರಸಿಯ ಉದ್ದ ನಲವತ್ತು ಅಡಿ. ಎಂಬತ್ತೆರಡು ಸಲ ಆ ತುದಿಯಿಂದ ಈ ತುದಿಗೆ ಹೋದರೆ ಒಂದು ಕಿಲೋಮೀಟರು. ನಾವಿಬ್ಬರೂ ಒಣಗಿ ಹಾಕಿದ ಹಪ್ಪಳದ ಚಾಪೆಯನ್ನು ಸುತ್ತುವರಿದು ದಿನಕ್ಕೆ ಮೂರು ಕಿಲೋಮೀಟರು ಮುಗಿಸುತ್ತಿದ್ದೆವು. ಎಣಿಕೆ ತಪ್ಪದಿರಲೆಂದು ಹುಣಿಸೆಬೀಜಗಳನ್ನು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹಾಕುವ ಉಪಾಯ ನಮ್ಮ ಮನೆಯವರದು. ಕೆಲವು ವಾರಗಳ ಮೇಲೆ ಬಾಗಿಲು ತೆರೆದು ಮೊದಲ ದಿನ ಕೆರೆಯ ಏರಿಯ ಮೇಲೆ ನಿಂತಾಗ, ತೋಟವೆಂದರೆ ಊರಿನ ಅಲಂಕಾರವಲ್ಲ, ಊರಿನ ಶ್ವಾಸಕೋಶವೆಂಬುದು ಪಾಠದ ಮಾತಾಗಿ ಉಳಿಯಲಿಲ್ಲ. ನಮ್ಮದೇ ಎದೆಗೆ ಅದು ತಿಳಿಯಿತು.

ವಯಸ್ಸು ತನ್ನ ಸುಂಕವನ್ನು ವಸೂಲು ಮಾಡದೆ ಬಿಡುವುದಿಲ್ಲ. ನಮ್ಮ ದಿನಚರಿಯ ಪ್ರಕಾರ ಈ ಏಳು ಕಿಲೋಮೀಟರಿಗೆ ಮೂವತ್ತನೆಯ ವಯಸ್ಸಿನಲ್ಲಿ ೩೮ ನಿಮಿಷ, ನಲವತ್ತೈದರಲ್ಲಿ ೪೪, ಈಗ ೬೦ ಸಾಲದು. ಮೊಣಕಾಲು ಐವತ್ತೈದರಲ್ಲಿ ಒಮ್ಮೆ ಮುನಿಸಿಕೊಂಡಿತು. ಮೂರು ತಿಂಗಳು ವಿಶ್ರಾಂತಿ ಕೊಟ್ಟು, ತೊಡೆಯ ಸ್ನಾಯುಗಳಿಗೆ ವ್ಯಾಯಾಮ ಮಾಡಿಸಿ, ಮತ್ತೆ ಕಂಬದಿಂದ ಕಂಬಕ್ಕೆ ಪ್ರಾರಂಭಿಸಿದೆವು. ಮಿತವಾಗಿ ಓಡುವವರ ಮೊಣಕಾಲು ಕುಳಿತೇ ಇರುವವರದಕ್ಕಿಂತ ಹೆಚ್ಚು ಸವೆಯುವುದಾಗಿ ವೈದ್ಯರ ಪರೀಕ್ಷೆಗಳಲ್ಲಿ ಕಂಡುಬಂದಿಲ್ಲವೆಂಬುದು ಹಲವರಿಗೆ ಸಮಾಧಾನವನ್ನು ಕೊಡಬಹುದು. ವೇಗವು ಕಡಮೆಯಾದುದರಿಂದ ಸಂತೋಷವು ಕಡಮೆಯಾಗಿಲ್ಲ. ಅದೇ ದಾರಿಯಲ್ಲಿ ಇಪ್ಪತ್ತು ನಿಮಿಷ ಹೆಚ್ಚಾಗಿ ಇರುವ ಲಾಭವಾಗಿದೆ.

ಹೊಸದಾಗಿ ಓಡಬಯಸುವ ಗೃಹಸ್ಥರಿಗೆ ಕೆಲವು ಮಾತು. ಎದೆನೋವು, ರಕ್ತದ ಒತ್ತಡ, ಸಕ್ಕರೆ ಇರುವವರು ಮೊದಲು ವೈದ್ಯರನ್ನು ಕೇಳಬೇಕು. ಮೊದಲ ತಿಂಗಳು ಓಡುವುದಕ್ಕಿಂತ ನಡೆಯುವುದೇ ಹೆಚ್ಚಾಗಿರಲಿ. ದೂರವನ್ನು ವಾರದಿಂದ ವಾರಕ್ಕೆ ಸ್ವಲ್ಪಸ್ವಲ್ಪವಾಗಿ ಏರಿಸಲಿ. ಖರ್ಚಿನ ಬಾಬಿನಲ್ಲಿ ಒಳ್ಳೆಯ ಬೂಟು ಒಂದೇ ಮುಖ್ಯ. ಅಟ್ಟೆ ಸವೆದಾಗ ಲೋಭ ಮಾಡಬಾರದು. ವಾರದಲ್ಲಿ ಒಂದೆರಡು ದಿನ ಬಿಡುವು ಬೇಕು. ನಾವು ಭಾನುವಾರ ಓಟ ಮುಗಿಸಿ, ಗಾಂಧಿಬಜಾರಿನಲ್ಲಿ ೧೯೪೩ರಿಂದ ಇರುವ ವಿದ್ಯಾರ್ಥಿ ಭವನದಲ್ಲಿ ಮಸಾಲೆ ದೋಸೆ ತಿನ್ನುವುದುಂಟು. ಓಡಿ ಕಳೆದುದನ್ನು ಬೆಣ್ಣೆಯಿಂದ ತುಂಬಿಕೊಳ್ಳುವಿರಲ್ಲಾ ಎಂದು ಮಗಳು ಹಾಸ್ಯ ಮಾಡುವಳು. ಜಮಾಖರ್ಚು ಸರಿತೂಗಬೇಕೆಂಬುದು ಲೆಕ್ಕಿಗನ ಧರ್ಮವೆಂದು ನಾವು ಉತ್ತರ ಹೇಳುವೆವು.

ಕಡೆಯದಾಗಿ ಒಂದು ವಿಜ್ಞಾಪನೆ. ಓಟಕ್ಕೆ ಮನಸ್ಸು ಮಾತ್ರ ಸಾಲದು, ನೆಲವೂ ಬೇಕು. ೨೦೧೬ರಲ್ಲಿ ಹೆಬ್ಬಾಳದ ಕಡೆಗೆ ಉಕ್ಕಿನ ಮೇಲುಸೇತುವೆಗಾಗಿ ನೂರಾರು ಮರಗಳನ್ನು ಕಡಿಯುವ ಯೋಜನೆ ಬಂದಾಗ ಈ ಊರಿನ ಸಾಮಾನ್ಯ ಜನರು ರಸ್ತೆಯಲ್ಲಿ ಕೈಕೈ ಹಿಡಿದು ನಿಂತರು; ೨೦೧೭ರಲ್ಲಿ ಸರ್ಕಾರವು ಅದನ್ನು ಕೈಬಿಟ್ಟಿತು. ೨೦೨೫ರಲ್ಲಿ ಸುರಂಗದ ರಸ್ತೆಗೆ ಲಾಲ್‌ಬಾಗಿನ ನೆಲವೂ ಬೇಕೆಂಬ ಮಾತು ಬಂದಾಗ ಮತ್ತೆ ಜನರು ದನಿಯೆತ್ತಿದರು. ನಮ್ಮ ಮೊಮ್ಮಗನಿಗೆ ಈಗ ಆರು ವರ್ಷ. ರಜದಲ್ಲಿ ಬಂದಾಗ ಅವನು ಪಶ್ಚಿಮದ ಬಾಗಿಲಿನಿಂದ ಬಂಡೆಯವರೆಗೆ ನಮ್ಮನ್ನು ಹಿಂದಕ್ಕೆ ಹಾಕಿ ಓಡಿಹೋಗಿ, ಗೋಪುರದ ಹತ್ತಿರ ನಿಂತು ‘ತಾತಾ, ಬೇಗ!’ ಎಂದು ಕೂಗುವನು. ಅವನು ಗುಮಾಸ್ತನಾಗುವನೋ, ಬೇರೆ ಏನಾಗುವನೋ, ಹೇಗೂ ಯಾವುದಾದರೊಂದು ಕುರ್ಚಿಯಲ್ಲಿ ಕುಳಿತೇ ತೀರಬೇಕಾದ ಕಾಲವಿದು. ಅವನ ಕಾಲಕ್ಕೂ ಗಾಂಧಿಬಜಾರಿನಿಂದ ಅಠಾರಾ ಕಛೇರಿಯವರೆಗೆ ಓಡಿಹೋಗುವಷ್ಟು ನೆರಳನ್ನು ಉಳಿಸಿಕೊಡುವ ಹೊಣೆಯು ವಾಚಕರದೂ ನಮ್ಮದೂ ಆಗಿದೆ.